ಪ್ರಿಂಟರ್ ಕೊಳ್ಳುವ ಮೊದಲು ಪುಟ ಎಣಿಸಿ

ಪ್ರಿಂಟರ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಬೆಲೆಯ ಚೀಟಿಯ ಮೇಲೆ. ಆದರೆ ಅಗ್ಗದ ಮಾಡೆಲ್‌ಗಳಲ್ಲಿ ಕಂಪನಿಗೆ ಲಾಭ ಬರುವುದು ಹೆಚ್ಚಾಗಿ ನೀವು ಆಮೇಲೆ ಕೊಳ್ಳುವ ಇಂಕ್‌ನಿಂದ. ಹಾಗಾಗಿ ಅಂಗಡಿಗೆ ಹೋಗುವ ಮೊದಲೇ ಸ್ವಲ್ಪ ಲೆಕ್ಕ ಹಾಕಿಕೊಳ್ಳಿ.

ಹಂತ 1: ನಿಮ್ಮ ಬಳಕೆ ಎಷ್ಟು?

ಏನನ್ನು ಪ್ರಿಂಟ್ ಮಾಡುತ್ತೀರಿ, ತಿಂಗಳಿಗೆ ಎಷ್ಟು ಪುಟ, ಎಷ್ಟು ದಿನಕ್ಕೊಮ್ಮೆ? ಮೂರನೆಯ ಪ್ರಶ್ನೆಯನ್ನು ಜನ ಮರೆತೇಬಿಡುತ್ತಾರೆ. ತಿಂಗಳಿಗೆ ನಾಲ್ಕೈದು ಪುಟ ಸಾಕು ಅನ್ನುವವರಿಗೆ ನಿಜ ಹೇಳಬೇಕೆಂದರೆ ಪ್ರಿಂಟರೇ ಬೇಡ, ಹೊರಗೆ ಮಾಡಿಸುವುದೇ ಅಗ್ಗ.

ಹಂತ 2: ಇಂಕ್‌ಜೆಟ್ಟೋ, ಲೇಸರೋ?

ಇಂಕ್‌ಜೆಟ್ ತನ್ನ ಸಣ್ಣ ತೂತುಗಳಿಂದ ದ್ರವದ ಇಂಕನ್ನು ಕಾಗದದ ಮೇಲೆ ಸಿಡಿಸುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ. ಆದರೆ ವಾರಗಟ್ಟಲೆ ಸುಮ್ನೆ ಇಟ್ಟರೆ ಆ ತೂತುಗಳಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳಬಹುದು. ಆಗ ಅಕ್ಷರಗಳ ಮೇಲೆ ಬಿಳಿ ಗೆರೆ ಮೂಡುತ್ತದೆ. ಸರಿಪಡಿಸಲು ಆ ತೂತುಗಳನ್ನು ತೊಳೆಯುವ ‘ಹೆಡ್ ಕ್ಲೀನಿಂಗ್’ ಮಾಡಬೇಕು, ಅದಕ್ಕೂ ಇಂಕೇ ಖರ್ಚು! ಒಂದು ಪುಟವೂ ಪ್ರಿಂಟ್ ಆಗದೆ ಇಂಕ್ ಕಡಿಮೆಯಾಗುವುದು ಹೀಗೆ.

ಲೇಸರ್‌ನಲ್ಲಿ ಇರುವುದು ಟೋನರ್ ಎಂಬ ಒಣ ಪುಡಿ. ಅದನ್ನು ಬಿಸಿ ರೋಲರ್ ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ತಿಂಗಳುಗಟ್ಟಲೆ ಬಿಟ್ಟರೂ ಪುಡಿ ಒಣಗುವ ಮಾತೇ ಇಲ್ಲ. ಅಕ್ಷರ ಚೂಪಾಗಿರುತ್ತದೆ, ನೀರು ಬಿದ್ದರೂ ಹರಡುವುದಿಲ್ಲ. ಫೋಟೊಗೆ ಮಾತ್ರ ಇದು ಅಷ್ಟಕ್ಕಷ್ಟೇ. ಇಂಕ್‌ಜೆಟ್ ಫೋಟೊ ಪೇಪರನ್ನು ಇದಕ್ಕೆ ಹಾಕಲೇಬೇಡಿ, ಬಿಸಿಗೆ ಅದರ ಲೇಪ ಕರಗಿ ಒಳಗೆ ಅಂಟಿಕೊಳ್ಳಬಹುದು.

ವಾರಕ್ಕೆ ಒಂದೆರಡು ಸಲವಾದರೂ ಕಲರ್ ಪ್ರಿಂಟ್ ಬೇಕೆನ್ನುವ ಮನೆಗೆ ಇಂಕ್ ಟ್ಯಾಂಕ್ ಪ್ರಿಂಟರ್ ಒಪ್ಪುತ್ತದೆ. ಇದೂ ಇಂಕ್‌ಜೆಟ್ಟೇ, ಆದರೆ ಕಾರ್ಟ್ರಿಜ್ ಬದಲು ಬಾಟಲಿಯಿಂದ ಇಂಕ್ ತುಂಬುತ್ತೀರಿ. ಮೊದಲು ದುಡ್ಡು ಜಾಸ್ತಿ, ಆಮೇಲೆ ಪುಟದ ಖರ್ಚು ತೀರಾ ಕಡಿಮೆ. ಬರೀ ಪತ್ರ, ಬಿಲ್ಲು, ಅರ್ಜಿ ಪ್ರಿಂಟ್ ಮಾಡುವ ಆಫೀಸಿಗೆ ಕಪ್ಪು-ಬಿಳುಪಿನ ಲೇಸರ್ ಸಾಕು. ‘ಇರಲಿ ಬಿಡಿ’ ಅಂತ ಕಲರ್ ಲೇಸರ್ ತಂದರೆ ಒಂದರ ಬದಲು ನಾಲ್ಕು ಟೋನರ್ ಸಾಕಬೇಕಾಗುತ್ತದೆ.

ಹಂತ 3: ಪುಟಕ್ಕೆ ಎಷ್ಟು ಬೀಳುತ್ತದೆ?

ಕಾರ್ಟ್ರಿಜ್‌ನ ಬೆಲೆಯನ್ನು ಅದು ಕೊಡುವ ಪುಟಗಳ ಸಂಖ್ಯೆಯಿಂದ ಭಾಗಿಸಿ. ಈ ಸಂಖ್ಯೆಯನ್ನು ‘ಪೇಜ್ ಯೀಲ್ಡ್’ ಅನ್ನುತ್ತಾರೆ. ಅದನ್ನು ಅಳೆಯಲು ಕಪ್ಪು ಟೋನರ್‌ಗೆ ಐಎಸ್‌ಒ 19752, ಇಂಕ್‌ಜೆಟ್‌ಗೆ ಐಎಸ್‌ಒ 24711 ಎಂಬ ಪರೀಕ್ಷಾ ಮಾನದಂಡಗಳಿವೆ. ಕಪ್ಪು ಟೋನರ್‌ನ ಪರೀಕ್ಷಾ ಪುಟದಲ್ಲಿ ಸುಮಾರು 5% ಜಾಗದಲ್ಲಷ್ಟೇ ಟೋನರ್ ಇರುತ್ತದೆ. ದಪ್ಪ ಶೀರ್ಷಿಕೆ, ಚಿತ್ರ ಜಾಸ್ತಿಯಿರುವ ನಿಮ್ಮ ಪುಟಗಳಿಗೆ ಅಷ್ಟು ಬಾಳಿಕೆ ಸಿಗುವುದಿಲ್ಲ. ಲೇಸರ್ ಆದರೆ ಇನ್ನೊಂದು ಮಾತು ಕೇಳಿ: ಟೋನರನ್ನು ಕಾಗದಕ್ಕೆ ದಾಟಿಸುವ ಡ್ರಮ್ ಎಂಬ ಉರುಳೆ ಟೋನರ್ ಜೊತೆಗೇ ಬರುತ್ತದೋ, ಬೇರೆ ಕೊಳ್ಳಬೇಕೋ?

ಹಂತ 4: ಬೇಕಾದ ಸೌಲಭ್ಯ

ಎರಡೂ ಬದಿಗೆ ತಾನೇ ಪ್ರಿಂಟ್ ಮಾಡುವ ಡುಪ್ಲೆಕ್ಸ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ, ಕಾಗದ ಅರ್ಧ ಉಳಿಯುತ್ತದೆ. ಹತ್ತಾರು ಪುಟಗಳ ಕಡತ ಸ್ಕ್ಯಾನ್ ಮಾಡುವ ಆಫೀಸಿಗೆ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಎಡಿಎಫ್ ಬೇಕೇ ಬೇಕು. ಮೊಬೈಲಿನಿಂದ ಪ್ರಿಂಟ್ ಮಾಡುವವರು ವೈಫೈ ಇದೆಯೇ ನೋಡಿ. ಫ್ಯಾಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

‘ಡ್ಯೂಟಿ ಸೈಕಲ್’ ಎಂಬ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಅದು ಯಂತ್ರ ಒಂದು ತಿಂಗಳಲ್ಲಿ ತಡೆದುಕೊಳ್ಳಬಲ್ಲ ಗರಿಷ್ಠ ಮಿತಿ. ನಿಮ್ಮ ಪುಟದ ಲೆಕ್ಕಕ್ಕೆ ಹೋಲಿಸಬೇಕಾದದ್ದು, ಕಂಪನಿ ಶಿಫಾರಸು ಮಾಡುವ ತಿಂಗಳ ಪ್ರಮಾಣ. ಅದು ಡ್ಯೂಟಿ ಸೈಕಲ್‌ಗಿಂತ ಬಹಳ ಚಿಕ್ಕದು.

ಹಂತ 5: ದುಡ್ಡು ಕೊಡುವ ಮುಂಚೆ

ಜೊತೆಗೆ ಬರುವ ಕಾರ್ಟ್ರಿಜ್ ಪೂರ್ತಿ ತುಂಬಿದ್ದೋ, ಕಡಿಮೆ ತುಂಬಿದ ‘ಸ್ಟಾರ್ಟರ್’ ಕಾರ್ಟ್ರಿಜ್ಜೋ ಕೇಳಿ. ಬೇರೆ ಕಂಪನಿಯ ಅಗ್ಗದ ಕಾರ್ಟ್ರಿಜ್ ಹಾಕುವ ಆಸೆ ಇದ್ದರೆ ಯಂತ್ರ ಅದನ್ನು ಒಪ್ಪುತ್ತದೋ ಇಲ್ಲವೋ ಮೊದಲೇ ತಿಳಿದುಕೊಳ್ಳಿ. ಕಾರ್ಟ್ರಿಜ್ ಮೇಲಿನ ಚಿಪ್ ನೋಡಿ ತಿರಸ್ಕರಿಸುವ ಪ್ರಿಂಟರ್‌ಗಳಿವೆ. ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ತಗಾದೆ ತೆಗೆಯುವಂಥವೂ ಇವೆ. ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದ್ದರೆ ಅದಕ್ಕೆ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಸಿಗುತ್ತದೆಯೇ ಎಂದು ಕಂಪನಿಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಅಂಗಡಿಯವರು ಇದಕ್ಕೆಲ್ಲ ‘ಆಗುತ್ತೆ ಸಾರ್’ ಅಂದುಬಿಡುತ್ತಾರೆ.