ರೀಆರ್ಗನೈಸ್ ಕಲಿಸಿದ್ದು ಹೀಗೆ: ನನ್ನ ಅನುಭವ

ವಿಜಯಪುರದಲ್ಲಿ ಬ್ಯಾಂಕ್ ಪರೀಕ್ಷೆ, ಪಿಡಿಒ, ಎಫ್‌ಡಿಎ ಅಂತ ಓದುವ ಹುಡುಗರಿಗೆ ಇಂಗ್ಲಿಷ್ ಹೇಳುತ್ತೇನೆ. ರೀಆರ್ಗನೈಸ್, ರೀಸ್ಟ್ರಕ್ಚರ್, ರೀಕಾನ್‌ಸ್ಟಿಟ್ಯೂಟ್, ಈ ಮೂರರಲ್ಲಿ ಯಾವುದು ಎಲ್ಲಿ ಅನ್ನೋದು ಎಂಥ ಜಾಣ ಹುಡುಗನಿಗೂ ಕೈ ಕೊಡುತ್ತದೆ, ಕಲಿಸುವವರಿಗೆಲ್ಲ ಗೊತ್ತಿರೋದೇ. ನಾನು ನಮ್ಮ ಜಿಲ್ಲೆಯ ಕಥೆಯಿಂದಲೇ ಕಲಿಸುತ್ತೇನೆ ಅಂದಾಗ ಜೊತೆಯ ಮೇಷ್ಟ್ರೊಬ್ಬರು, 'ಇಂಗ್ಲಿಷ್ ಬಿಟ್ಟು ಜಿಕೆ ಹೇಳಾಕತ್ತೀರಲ್ರೀ ಸರ್' ಅಂತ ನಕ್ಕಿದ್ದರು. ಈಗ ಅವರೇ ಆ ಪಾಠದ ಹಾಳೆ ಕಳಿಸಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ಸಮಾನಾರ್ಥಕ ಪದಗಳ ಪಟ್ಟಿ ಕೊಟ್ಟೆ. ಉರು ಹೊಡೆದರು, ಖಾಲಿ ಜಾಗ ತುಂಬೋಕೆ ಕೂರಿಸಿದರೆ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಬರೆದರು. ಆಮೇಲೆ ಬಣ್ಣದ ಕಾರ್ಡ್ ಮಾಡಿಸಿದೆ, ಮೂರು ಸಾವಿರದ ಮೇಲೆಯೇ ಹೋಯಿತು, ಲ್ಯಾಮಿನೇಷನ್ ಬೇರೆ. ಇವತ್ತು ಆ ಕಾರ್ಡ್ ಮಗಳ ಆಟಕ್ಕೆ. ಫೋನಿನ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದ್ದೂ ದಂಡ, ಅದರ ಉದಾಹರಣೆಗಳೆಲ್ಲ ದೊಡ್ಡ ಕಂಪನಿ, ಸಿಇಒ, ಬೋರ್ಡ್. ಚಡಚಣದ ಹುಡುಗನಿಗೆ ಅದರಲ್ಲೇನು ರುಚಿ?

ತಿರುವು ಸಿಕ್ಕಿದ್ದು ನವೆಂಬರ್ 1ರಲ್ಲಿ. 1956ರಲ್ಲಿ ಅದೇ ದಿನ ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದು, ಮುಂಬೈ ರಾಜ್ಯದಲ್ಲಿದ್ದ ನಮ್ಮ ಬಿಜಾಪುರ, ಧಾರವಾಡ, ಉತ್ತರ ಕನ್ನಡ, ಚಂದಗಡ ತಾಲೂಕು ಬಿಟ್ಟು ಉಳಿದ ಬೆಳಗಾವಿ, ಎಲ್ಲಾ ಮೈಸೂರು ರಾಜ್ಯಕ್ಕೆ ಸೇರಿದವು. ಊರುಗಳು ಅವೇ, ಹೊಲ ಅವೇ, ಜೋಡಿಸಿದ ರೀತಿ ಬೇರೆ. ಇದು ರೀಆರ್ಗನೈಸ್. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಗಡಿ ಒಂದಿಂಚೂ ಸರಿಯಲಿಲ್ಲ, ಆದ್ದರಿಂದ ಬರೀ ರೀನೇಮ್. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಗಿದ್ದು, ಬೆಲ್ಗಾಂ ಬೆಳಗಾವಿ ಆಗಿದ್ದು ಕೂಡ ಅಷ್ಟೇ. ಒಂದೇ ತಾರೀಖು, ಎರಡು ಬೇರೆ ಕ್ರಿಯಾಪದ. 'ಬಿಜಾಪುರ್ ವಾಸ್ ರೀಆರ್ಗನೈಸ್ಡ್ ಆ್ಯಸ್ ವಿಜಯಪುರ' ಅಂತ ಬರೆಯುತ್ತಿದ್ದವರು ಆಮೇಲೆ ತಾವೇ ನಗೋಕೆ ಶುರು ಮಾಡಿದರು.

1997ರಲ್ಲಿ ಬಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಬೇರೆಯಾಯಿತಲ್ಲ, ಅದಕ್ಕೆ ಬೈಫರ್ಕೇಟ್, ಇಲ್ಲವೇ ಕಾರ್ವ್ಡ್ ಔಟ್ ಆಫ್. ಬಸ್ ನಿಲ್ದಾಣದಲ್ಲೂ ಇದೇ ಪಾಠ ಸಿಗುತ್ತದೆ. ಕೆಎಸ್‌ಆರ್‌ಟಿಸಿಯಿಂದ ಒಡೆದ ನಿಗಮಗಳಲ್ಲಿ ಬಾಗಲಕೋಟೆಯ ಬಸ್ಸು ವಾಯವ್ಯದ್ದು, ನಮ್ಮದು ಕಲ್ಯಾಣ ಕರ್ನಾಟಕದ್ದು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗುವಾಗ ಜನ ನವನಗರಕ್ಕೆ ಹೋದದ್ದು ಮಾತ್ರ ರೀಆರ್ಗನೈಸ್ ಅಲ್ಲ. ಅದು ರೀಲೊಕೇಟ್, ರೀಹ್ಯಾಬಿಲಿಟೇಟ್. ಅಲ್ಲಿಯ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಜಾಸ್ತಿ ಕಾಡಿದ್ದು ರೀಸ್ಟ್ರಕ್ಚರ್. ಇಂಡಿ ಕಡೆಯ ಹುಡುಗನೊಬ್ಬ ಕೇಳಿದ: 'ಸರ್, ಸಾಲ ರೀಸ್ಟ್ರಕ್ಚರ್ ಆತಂದ್ರ ಮನ್ನಾ ಆದಂಗಲ್ರೀ?' ಅರ್ಧ ಕ್ಲಾಸಿಗೆ ಅದೇ ಅನುಮಾನ. ಅವತ್ತು ಪಾಠ ಬಿಟ್ಟು ಲೆಕ್ಕಕ್ಕೆ ಕೂತೆವು. ಬೆಳೆ ಹೋಯಿತು, ಬೆಳೆಸಾಲ ಕಟ್ಟೋಕಾಗಲಿಲ್ಲ, ಬ್ಯಾಂಕು ಅದನ್ನು ಕೆಲವು ವರ್ಷದ ಅವಧಿ ಸಾಲವಾಗಿ ಬದಲಿಸಿ, ಒಂದಿಷ್ಟು ದಿನ ಕಂತಿಗೆ ಬಿಡುವು ಕೊಟ್ಟಿತು ಅಂದುಕೊಳ್ಳಿ. ಅಸಲು ಇದ್ದೇ ಇದೆ, ಬಡ್ಡಿಯೂ ಓಡುತ್ತದೆ. ಮನ್ನಾಕ್ಕೆ ಇಂಗ್ಲಿಷಿನಲ್ಲಿ ವೇವ್. ಲಕ್ಷ ರೂಪಾಯಿ ಸಾಲವನ್ನು ಬೋರ್ಡ್ ಮೇಲೆ ಎರಡೂ ರೀತಿ ಬರೆದು ತೋರಿಸಿದೆ. ಆ ಹುಡುಗ ಮನೆಗೆ ಹೋಗಿ ಅಪ್ಪನಿಗೂ ವಿವರಿಸಿದನಂತೆ, ಅದು ನನ್ನ ಶುಲ್ಕಕ್ಕಿಂತ ದೊಡ್ಡ ಸಂಪಾದನೆ ಅಂತ ನಾನು ಸುಮ್ನೆ ಹೇಳಿಕೊಳ್ಳುತ್ತಿರುತ್ತೇನೆ.

ರೀಕಾನ್‌ಸ್ಟಿಟ್ಯೂಟ್ ಸುಲಭ. ಸಮಿತಿಯ ಹೆಸರು ಅದೇ, ಕೂತವರು ಬೇರೆ. ಸರ್ಕಾರಿ ಆದೇಶಗಳಲ್ಲಿ ಇದು ಬಹಳ ಸಲ ಪ್ಯಾಸಿವ್‌ನಲ್ಲೇ ಬರುತ್ತದೆ, ಆಗ ಮಾಡಿದವರು ಯಾರು ಅಂತ ಕಾಣೋದೇ ಇಲ್ಲ. ಹಾಲಿನ ಪುಡಿಗೆ ನೀರು ಬೆರೆಸಿ ಮತ್ತೆ ಹಾಲು ಮಾಡೋದಕ್ಕೂ ಇದೇ ಪದ ಅಂತ ಒಮ್ಮೆ ಕ್ಲಾಸಿನಲ್ಲೇ ಕಲಸಿ ತೋರಿಸಿದೆ. ಚಹಾ ಕುಡಿದರು, ಪದ ಮರೆತರು! ಪುಸ್ತಕದ ಕಪಾಟು ಖಾಲಿ ಮಾಡಿಸಿ ಮತ್ತೆ ಜೋಡಿಸುವ ಪ್ರಯೋಗವೂ ಮಾಡಿದ್ದೆ. ಕಪಾಟು ಚೊಕ್ಕಟವಾಯಿತು, ಅಷ್ಟೇ ಲಾಭ.

ರೀಆರ್ಗನೈಸ್‌ನ ಕಾಗುಣಿತದಲ್ಲಿ ಎಸ್ ಹಾಕಬೇಕೋ ಝಡ್ಡೋ ಅಂತ ಯಾವಾಗಲೂ ಜಗಳ. ಎರಡೂ ಸರಿ. ನಮ್ಮ ರಾಜ್ಯ ಪುನರ್ವಿಂಗಡಣೆ ಕಾಯಿದೆಗಳಲ್ಲಿ, 1956ರದ್ದಿರಲಿ 2014ರ ಆಂಧ್ರದ್ದಿರಲಿ, ಎಸ್ ಇದೆ, ನಾನೂ ಅದನ್ನೇ ಹಿಡಿದಿದ್ದೇನೆ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಿದರೆ ಅಂಕ ಕತ್ತರಿಸುತ್ತೇನೆ. ಈ ಕ್ರಿಯಾಪದ ಕರ್ಮವಿಲ್ಲದೆಯೂ ಬರುತ್ತದೆ, ಆದರೆ ಮೊದಲ ತಿಂಗಳು ಆ ಬಾಗಿಲು ನಾನು ತೆರೆಯೋದಿಲ್ಲ. 'ಯಾವುದನ್ನು?' ಅನ್ನೋ ಪ್ರಶ್ನೆಗೆ ಉತ್ತರ ಇರಲೇಬೇಕು.

ಖರ್ಚು ಈಗ ಒಬ್ಬನಿಗೆ ನಾಲ್ಕೈದು ರೂಪಾಯಿ ಝೆರಾಕ್ಸ್, ಅಷ್ಟೇ. ಮೊದಲು ಈ ಮೂರು ಪದಗಳ ಪರೀಕ್ಷೆಯಲ್ಲಿ ಹತ್ತರಲ್ಲಿ ಮೂರು-ನಾಲ್ಕು ಸರಿ ಬರುತ್ತಿತ್ತು, ಈಗ ಎಂಟರ ಹತ್ತಿರ. ಬ್ಯಾಚು ತುಂಬುತ್ತಿದೆ, ಸಂಜೆಗೆ ಇನ್ನೊಂದು ಶುರು ಮಾಡಿದ್ದೇನೆ. ಕೊನೆಗೆ ಕೊಡುವ ನಾಲ್ಕು ವಾಕ್ಯಗಳ ಪರೀಕ್ಷೆ ಮಾತ್ರ ಇಲ್ಲಿ ಬರೆಯೋದಿಲ್ಲ, ಪ್ರಶ್ನೆ ಕೇಳುವ ಕ್ರಮವನ್ನೂ. ಹೊಟ್ಟೆಪಾಡು, ಅರ್ಥ ಮಾಡಿಕೊಳ್ಳಿ. ಹಾಳೆ ಬೇಕಾದವರು ಬಂದು ಒಂದು ದಿನ ಕ್ಲಾಸಿನಲ್ಲಿ ಕೂತುಕೊಳ್ಳಿ, ಹಿಂದಿನ ಬೆಂಚು ಖಾಲಿ ಇರುತ್ತದೆ.