ರೈಡಿಂಗ್ ಕನ್ನಡಕ: ದುಡ್ಡು ಕಟ್ಟುವ ಮೊದಲೇ ಕಸ್ಟಮರ್ ಕೇರ್ ಪರೀಕ್ಷಿಸಿ

ಬೈಕ್ ಕನ್ನಡಕ ಆನ್‌ಲೈನ್‌ನಲ್ಲಿ ತರಿಸಿದಾಗ ತಕರಾರು ಹುಟ್ಟುವುದು ಬಹುತೇಕ ಎರಡು ಕಡೆ: ಹೆಲ್ಮೆಟ್ ಒಳಗೆ ಕಡ್ಡಿ ಕಿವಿಯ ಮೇಲೆ ಒತ್ತುತ್ತದೆ, ಇಲ್ಲವೇ ಬಂದ ಲೆನ್ಸ್ ಹೇಳಿದ್ದಲ್ಲ. ಆದ್ದರಿಂದ ಆರ್ಡರ್ ಮಾಡುವ ಮುನ್ನವೇ ಒಂದು ಮೆಸೇಜ್ ಹಾಕಿ ನೋಡಿ.

ಮೊದಲು ಕೇಳಬೇಕಾದದ್ದು ಲೆನ್ಸ್ ಮೇಲಿನ ಗುರುತು. ಅಮೆರಿಕದ ಮಾನದಂಡವಾದರೆ 'ಝಡ್87+' ಅಂತಿರಬೇಕು. ಆ ಪ್ಲಸ್ ಇದ್ದರಷ್ಟೇ ಜೋರು ಹೊಡೆತದ ಪರೀಕ್ಷೆ ಪಾಸಾಗಿದೆ ಎಂದರ್ಥ. ವಿಷಯ ಬಲ್ಲವರು ಗುರುತಿನ ಫೋಟೊ ತೆಗೆದು ಕಳಿಸುತ್ತಾರೆ. 'ಯುವಿ400 ಇದೆ ಸರ್' ಎಂದಷ್ಟೇ ಉತ್ತರ ಬಂದರೆ ಬಿಟ್ಟುಬಿಡಿ. ಅದು ಬಿಸಿಲಿನ ಮಾತು, ಲಾರಿ ಚಕ್ರದಿಂದ ಸಿಡಿಯುವ ಜಲ್ಲಿಯದ್ದಲ್ಲ. ಬಣ್ಣದ ಲೆನ್ಸ್‌ಗೆ ಕ್ಯಾಟಗರಿ ಕೇಳಿ: 3 ಆದರೆ 8ರಿಂದ 18% ಬೆಳಕು ಒಳಬಿಡುತ್ತದೆ, ಹಗಲಿಗೆ ಸಾಕು. 4 ಗಾಡಿ ಓಡಿಸಲು ಅಲ್ಲವೇ ಅಲ್ಲ. ರಾತ್ರಿಗೆ ಕ್ಲಿಯರ್ ಲೆನ್ಸ್ ಬಿಟ್ಟು ಬೇರೆ ಬೇಡ.

ಪವರ್ ಲೆನ್ಸ್ ಮಾಡಿಸುವವರು ಇನ್ನೂ ಹುಷಾರಾಗಿರಬೇಕು. ಮುಖಕ್ಕೆ ಬಾಗಿದ ಫ್ರೇಮ್‌ನಲ್ಲಿ ಹೆಚ್ಚಿನ ಪವರ್ ಕೂರಿಸಿದರೆ ಅಂಚಿನಲ್ಲಿ ರಸ್ತೆ ಸೊಟ್ಟಗೆ ಕಾಣುತ್ತದೆ. ಆ ಫ್ರೇಮ್‌ಗೆ ಎಷ್ಟು ಪವರ್‌ವರೆಗೆ ಮಾಡುತ್ತೀರಿ, ಪಿಡಿ (ಎರಡು ಪಾಪೆಗಳ ನಡುವಿನ ಅಂತರ) ಕೇಳುತ್ತೀರಾ, ತಪ್ಪಾದರೆ ಪುಕ್ಕಟೆ ಮಾಡಿಕೊಡುತ್ತೀರಾ? ಉತ್ತರ ಬರಹದಲ್ಲೇ ಇರಲಿ. ಪಿಡಿ ಕೇಳದೆ ಪವರ್ ಲೆನ್ಸ್ ಕಳಿಸುವವರನ್ನು ನಂಬಬೇಡಿ.

ಪಾರ್ಸೆಲ್ ಬಂದಾಗ ಬಿಚ್ಚುವುದನ್ನು ವಿಡಿಯೊ ಮಾಡಿ. ಸ್ಟಿಕರ್ ಕೀಳದೆ, ಮನೆಯಲ್ಲೇ ಹೆಲ್ಮೆಟ್ ಜೊತೆ 20 ನಿಮಿಷ ಹಾಕಿಕೊಂಡಿರಿ. ಒತ್ತು ಗೊತ್ತಾಗುವುದು ಹತ್ತು ನಿಮಿಷದ ಮೇಲೆಯೇ. ಫ್ರೇಮ್ ಒಳಗಿನ ಫೋಮ್‌ಗೆ ಬೆವರು, ಧೂಳು ಹತ್ತಿದರೆ 'ಬಳಸಿದ್ದು' ಎಂದು ವಾಪಸ್ ತಿರಸ್ಕರಿಸುತ್ತಾರೆ. ಪವರನ್ನು ಹತ್ತಿರದ ಕನ್ನಡಕದಂಗಡಿಯ ಲೆನ್ಸ್‌ಮೀಟರ್‌ನಲ್ಲಿ ನೋಡಿಸಿ.

ದೂರು ಕೊಡುವಾಗ ಒಂದೇ ಮೇಲ್ ಸಾಕು: ಆರ್ಡರ್ ನಂಬರ್, ಬಿಲ್‌ನಲ್ಲಿರುವ ಮಾರಾಟಗಾರನ ಹೆಸರು, ಫೋಟೊ, ಮತ್ತು ಬೇಕಿರುವುದು ಬದಲಿಯೋ ಹಣವೋ ಎಂಬುದು. 'ಏನಾದ್ರೂ ಮಾಡಿ' ಎಂದು ಬರೆದರೆ ಕೂಪನ್ ಬರುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ.