ನಾನು ಫ್ರಾಕ್ ಹಾಕಿಕೊಂಡ ರಾತ್ರಿ

"ಅಮ್ಮಾ, ನಾಳೆ ಫ್ರಾಕ್ ಬಾಡಿಗೆಗೆ ತರಬೇಕು" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಯಾರಿಗೋ?" ಎಂದಳು ಕೊನೆಗೆ. ಅವಳ ತಪ್ಪಲ್ಲ. ಸ್ವೀಡನ್‌ನಲ್ಲಿ ಗಂಡಸರ ಟೇಲ್‌ಕೋಟಿಗೇ, ಅಂದರೆ ಹಿಂದೆ ಎರಡು ಬಾಲ ಇಳಿಬಿಟ್ಟ ಕೋಟಿಗೇ, ಫ್ರಾಕ್ ಎನ್ನುತ್ತಾರೆ.

ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದಾಗ ಡಿಸೆಂಬರ್ 10ರ ನೊಬೆಲ್ ಔತಣದ ಟಿಕೆಟ್ ನನಗೆ ಲಾಟರಿಯಲ್ಲಿ ಸಿಕ್ಕಿತ್ತು. ವಿದ್ಯಾರ್ಥಿಗಳಿಗೆಂದೇ ಒಂದಿಷ್ಟು ಜಾಗ ಇಟ್ಟಿರುತ್ತಾರೆ. ಗಂಡಸರು ವೈಟ್ ಟೈ, ಅಂದರೆ ಟೇಲ್‌ಕೋಟು, ಬಿಳಿ ವೇಸ್ಟ್‌ಕೋಟು, ಬಿಳಿ ಬೋ ಟೈ ಹಾಕಬೇಕು, ಇಲ್ಲವೇ ತಮ್ಮ ದೇಶದ ಉಡುಪು. 2019ರಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಪಂಚೆ ಉಟ್ಟೇ ಪ್ರಶಸ್ತಿ ತಗೊಂಡಿದ್ದರು. "ನೀನೂ ಪಂಚೆ ಉಟ್ಕೋ, ಬಾಡಿಗೆ ದುಡ್ಡಾದರೂ ಉಳಿಯುತ್ತೆ" ಎಂದಳು ಅಮ್ಮ. ನನಗೋ ಒಮ್ಮೆಯಾದರೂ ಬಾಲದ ಕೋಟು ಹಾಕುವ ಆಸೆ.

ಎರಡು ದಿನ ಮೊದಲೇ ಮನೆಯಲ್ಲಿ ಹಾಕಿ ನೋಡಿದ್ದು ಒಳ್ಳೆಯದಾಯಿತು. ಕೋಟಿನ ಮುಂಭಾಗ ಸೊಂಟದವರೆಗೆ ಮಾತ್ರ ಇರುತ್ತದೆ, ಗುಂಡಿ ಹಾಕುವುದಿಲ್ಲ. ಒಳಗಿನ ಬಿಳಿ ವೇಸ್ಟ್‌ಕೋಟ್ ಅದರ ಕೆಳಗೆ ಇಣುಕಬಾರದು. ನನ್ನದು ಮೂರು ಬೆರಳು ಇಣುಕುತ್ತಿತ್ತು! ಅಂಗಡಿಯವನು "ಎಲ್ಲರದ್ದೂ ಹೀಗೇ" ಎಂದು ಕೈ ತೊಳೆದುಕೊಂಡ.

ತಪ್ಪು ಇದ್ದದ್ದು ಪ್ಯಾಂಟಿನಲ್ಲಿ. ಜೀನ್ಸ್ ಅಭ್ಯಾಸಕ್ಕೆ ಅದನ್ನು ಸೊಂಟದ ಕೆಳಗೆ ನಿಲ್ಲಿಸಿದ್ದೆ. ಈ ಪ್ಯಾಂಟು ಹೊಕ್ಕುಳ ಮಟ್ಟಕ್ಕೆ ಬರಬೇಕು, ತಾತ ಪಂಚೆ ಉಡುತ್ತಿದ್ದ ಎತ್ತರಕ್ಕೆ. ಬೆಲ್ಟ್ ಇಲ್ಲ, ಹೆಗಲ ಮೇಲಿಂದ ಪ್ಯಾಂಟ್ ಹಿಡಿಯುವ ಸಸ್ಪೆಂಡರ್ ಪಟ್ಟಿ ಮಾತ್ರ. ಪ್ಯಾಂಟ್ ಮೇಲೆಳೆದೆ. ವೇಸ್ಟ್‌ಕೋಟಿನ ಕುತ್ತಿಗೆ ಪಟ್ಟಿಯನ್ನು ಗಿಡ್ಡ ಮಾಡಿದೆ. ಬಿಳಿ ಅಂಚು ಮಾಯ.

ಶರ್ಟಿನ ಎದೆ ಒಣ ಹಪ್ಪಳದಷ್ಟು ಗಟ್ಟಿ. ಹೊಲಿದ ಗುಂಡಿಯ ಬದಲು ಸ್ಟಡ್ ಎಂಬ ಬಿಡಿ ಗುಂಡಿ ತೂರಿಸಬೇಕು. ಕಾಲರ್ ಬೇರೆಯೇ ಇರುತ್ತದೆ, ಮೊದಲು ಹಿಂದೆ ಸಿಕ್ಕಿಸಿ ಆಮೇಲೆ ಮುಂದೆ. ರೂಮ್‌ಮೇಟ್ ಇಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ಇನ್ನು ಬೋ ಟೈ. ಬಿಳಿ ಹತ್ತಿಯದು, ಕೈಯಲ್ಲೇ ಕಟ್ಟುವಂಥದ್ದು. ಹುಕ್ ಇರುವ ರೆಡಿಮೇಡ್ ಟೈ ಬೇಡವೇ ಬೇಡ. ಈ ಕಾಲರ್ ನಿಂತೇ ಇರುವುದರಿಂದ ಕತ್ತಿನ ಸುತ್ತ ಪಟ್ಟಿ, ಹುಕ್ ಎಲ್ಲ ಕಾಣುತ್ತದೆ. ಶೂ ಲೇಸಿಗೆ ಹಾಕುವ ಗಂಟೇ ಇದಕ್ಕೂ. ಆದರೆ ಕನ್ನಡಿ ಮುಂದೆ ನಿಂತರೆ ಎಡ ಬಲ ಮರೆತೇ ಹೋಗುತ್ತದೆ. ಕೂತು ತೊಡೆಗೆ ಸುತ್ತಿ ಕಟ್ಟಿ ಕಲಿತೆ. ಇಪ್ಪತ್ತು ಸಲವಾದರೂ ಕಟ್ಟಿರಬೇಕು. ಕೊನೆಗೆ ಒಂದು ರೆಕ್ಕೆ ಸ್ವಲ್ಪ ಸೊಟ್ಟಗೇ ಉಳಿಯಿತು. ಬಿಟ್ಟೆ. ಕೈಯಲ್ಲಿ ಕಟ್ಟಿದ್ದು ಅಂತ ಗೊತ್ತಾಗಲಿ, ಅಲ್ವಾ?

ವಾಚ್ ಬಿಚ್ಚಿಟ್ಟೆ. ಹೊಳೆಯುವ ಕರಿ ಶೂ ಚೀಲದಲ್ಲಿಟ್ಟುಕೊಂಡು, ಹಿಮದಲ್ಲಿ ನಡೆಯಲು ಬೂಟು ಹಾಕಿದೆ. ಇಷ್ಟೆಲ್ಲ ಯೋಚಿಸಿದವನು ಮೇಲಿನ ಜಾಕೆಟ್ ಮರೆತಿದ್ದೆ. ನನ್ನ ಚಳಿಗಾಲದ ಜಾಕೆಟ್ ಸೊಂಟದವರೆಗೆ ಮಾತ್ರ. ಮೆಟ್ರೋದಲ್ಲಿ ಅದರ ಕೆಳಗೆ ಎರಡು ಕರಿ ಬಾಲ ನೇತಾಡುತ್ತಿದ್ದವು. ಎದುರು ಕೂತ ಮಗು ಇಳಿಯುವವರೆಗೂ ಅದನ್ನೇ ನೋಡುತ್ತಿತ್ತು. ಕೋಟಿಗಿಂತ ಉದ್ದದ ಓವರ್‌ಕೋಟ್ ಸಾಲ ತಂದಾದರೂ ಹಾಕಿಕೊಳ್ಳಿ.

ಔತಣ ನಡೆಯುವ ಸಿಟಿ ಹಾಲ್ ತಲುಪಿ ಅಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಉತ್ತರ ಬಂತು: "ಹಿಂದಿನಿಂದ ಒಂದು ತೆಗೆದು ಕಳಿಸು. ಬಾಲ ಕಾಣ್ತಿಲ್ಲ."